ಹಡಗಿನ ಅವಕಾಡೊ ಬೇಕಾ, ತೋಟದ ಬೆಣ್ಣೆ ಹಣ್ಣು ಸಾಕಾ?

ಪರ: ಮಾಟುಂಗದ ಭಾವ ಬರೆದದ್ದು

ಮುಂಬೈಯ ಮಾಟುಂಗ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ನಮ್ಮ ಜ್ಯೂಸ್ ಸೆಂಟರ್ ಸಿಗುತ್ತದೆ. ಅಪ್ಪ ಕುಂದಾಪುರದಿಂದ ಬಂದು ಹಾಕಿದ ಅಂಗಡಿ. ಅವರ ಕಾಲದ ಬೋರ್ಡಿನಲ್ಲಿ ಮೂಸಂಬಿ, ಅನಾನಸು, ಚಿಕ್ಕು ಶೇಕ್, ಕಬ್ಬಿನ ಹಾಲು, ಇಷ್ಟೇ ಇದ್ದದ್ದು. ಈಗಿನ ಬೋರ್ಡಿನಲ್ಲಿ ಎಲ್ಲಕ್ಕಿಂತ ಮೇಲೆ ಅವಕಾಡೊ ಶೇಕ್. ಅದನ್ನು ಮೇಲೆ ಬರೆಸಿದವನು ನಾನೇ. ಕಾಲೇಜು ಬಿಟ್ಟ ಮೇಲೆ ಬರುವ ಮಕ್ಕಳು ಬೋರ್ಡು ಓದುವುದೂ ಇಲ್ಲ, ಸೀದಾ ಅದನ್ನೇ ಕೇಳುತ್ತಾರೆ.

ಇದಕ್ಕೆ ನನ್ನ ನಾದಿನಿಯ ತಕರಾರಿದೆ. ಅವಳು ಪುಣೆಯಲ್ಲಿದ್ದಾಳೆ. ತವರು ಮೂಡಿಗೆರೆ ಕಡೆ, ಕಾಫಿ ತೋಟ. ಅಲ್ಲಿ ಇದೇ ಹಣ್ಣಿಗೆ ಬೆಣ್ಣೆ ಹಣ್ಣು ಅನ್ನುತ್ತಾರೆ. ‘ನಮ್ಮ ತೋಟದಲ್ಲಿ ಬಿದ್ದು ಕೊಳೆಯುತ್ತೆ, ಭಾವ ಆಫ್ರಿಕದಿಂದ ತರಿಸ್ತಾರೆ’ ಅಂತ ಕಳೆದ ಚೌತಿಯ ದಿನ ಎಲ್ಲರೆದುರು ಅಂದಳು. ಬಾಯಲ್ಲಿ ಕಡುಬು ಇತ್ತು, ಸುಮ್ಮನಿದ್ದೆ. ಈಗ ಬಾಯಿ ಖಾಲಿ ಇದೆ.

ಮೊದಲು ಒಂದು ಗೋಣಿಯ ಕತೆ. ಮೂರು ವರ್ಷದ ಹಿಂದೆ ಮಾವ ತೋಟದ ಹಣ್ಣನ್ನು ಒಂದು ಗೋಣಿ ತುಂಬಿಸಿ ರಾತ್ರಿ ಬಸ್ಸಿಗೆ ಹಾಕಿದ್ದರು. ಪ್ರೀತಿಯಿಂದ ಕಳಿಸಿದ್ದು, ಇಲ್ಲ ಅನ್ನೋಲ್ಲ. ಬಸ್ಸು ಕೊಲ್ಹಾಪುರದ ಹತ್ತಿರ ಕೆಟ್ಟು ನಿಂತಿತು. ಮಾರನೇ ದಿನ ಸಂಜೆ ಗೋಣಿ ಬಿಚ್ಚಿದರೆ ಹೊರಗಡೆ ಹಸಿರು ಹಸಿರು, ನೋಡೋಕೆ ಚೆಂದ. ಕೊಯ್ದರೆ ಒಳಗೆ ಕಪ್ಪು ನಾರು, ಹುಳಿ ವಾಸನೆ. ಮುಟ್ಟಿದರೆ ಗಟ್ಟಿ ಅನಿಸಿದ್ದು ಒಳಗೆ ಕಹಿ. ಅರ್ಧಕ್ಕರ್ಧ ಕಸದ ಬುಟ್ಟಿಗೆ ಹೋಯಿತು. ಅವತ್ತು ಶೇಕ್ ಕುಡಿದ ಒಬ್ಬ ಗಿರಾಕಿ ಲೋಟ ವಾಪಸ್ ಇಟ್ಟು, ಏನೂ ಹೇಳದೆ ದುಡ್ಡು ಕೊಟ್ಟು ಹೋದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಹಾಸ್ ಹಣ್ಣಿನಲ್ಲಿ ಈ ತಲೆನೋವು ಕಡಿಮೆ. ಹಾಸ್ ಅಂದರೆ ಅಂಗಡಿಗಳಲ್ಲಿ ಕಾಣುವ ಆ ಗರಟೆ ಸಿಪ್ಪೆಯ ಜಾತಿ. ಕಾಯಿ ಇದ್ದಾಗ ಹಸಿರು, ಹಣ್ಣಾದರೆ ಕಪ್ಪು. ಸಿಪ್ಪೆಯೇ ಹೇಳಿಬಿಡುತ್ತದೆ. ತೊಟ್ಟಿನ ಹತ್ತಿರ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿದರೆ ಸಾಕು, ನಮ್ಮ ಹುಡುಗನಿಗೂ ಗೊತ್ತಾಗುತ್ತದೆ. ಸಿಪ್ಪೆ ದಪ್ಪ, ಹಾಗಾಗಿ ಪೆಟ್ಟು ತಡೆದುಕೊಳ್ಳುತ್ತದೆ. ವಾಶಿಯ ಸಗಟು ಹಣ್ಣಿನ ಮಾರ್ಕೆಟ್ಟಿನಲ್ಲಿ 4 ಕಿಲೋದ ಪೆಟ್ಟಿಗೆಯಲ್ಲಿ ಬರುತ್ತದೆ. ಪೆಟ್ಟಿಗೆಯಲ್ಲಿ ಎಷ್ಟು ಹಣ್ಣಿದೆಯೋ ಅದೇ ಅದರ ಸೈಜು. ‘18 ಕೊಡಿ’ ಅಂದರೆ 18 ಹಣ್ಣಿನ ಪೆಟ್ಟಿಗೆ, ಒಂದೊಂದು ಹಣ್ಣು ಸುಮಾರು 220 ಗ್ರಾಂ. ಒಂದು ಹಣ್ಣಿಗೆ ಎಷ್ಟು ಹಾಲು, ಎಷ್ಟು ಸಕ್ಕರೆ ಅಂತ ಒಮ್ಮೆ ಅಳತೆ ಕೂತರೆ ವರ್ಷವಿಡೀ ಒಂದೇ ರುಚಿ. ಹೋಟೆಲ್ ಲೈನಿನಲ್ಲಿ ಇದ್ದವರಿಗೆ ಇದರ ಬೆಲೆ ಗೊತ್ತು. ಮಾವನ ಗೋಣಿಯಲ್ಲಿ ಒಂದು ಹಣ್ಣು ಮುಷ್ಟಿಯಷ್ಟಿತ್ತು, ಇನ್ನೊಂದು ಸಣ್ಣ ಪಪ್ಪಾಯಿಯಷ್ಟು.

ಅಷ್ಟು ದೂರದಿಂದ ಕೆಡದೆ ಹೇಗೆ ಬರುತ್ತೆ ಅಂತ ಬಹಳ ಜನ ಕೇಳುತ್ತಾರೆ. ಏನೋ ಔಷಧಿ ಹೊಡೆದಿರಬೇಕು ಅಂತ ಅವರೇ ಉತ್ತರವನ್ನೂ ಹೇಳುತ್ತಾರೆ. ಗುಟ್ಟು ಹಣ್ಣಿನಲ್ಲೇ ಇದೆ. ಅವಕಾಡೊ ಮರದ ಮೇಲೆ ಹಣ್ಣಾಗುವುದಿಲ್ಲ. ಅಲ್ಲಿ ಬಲಿಯುತ್ತದೆ ಅಷ್ಟೆ. ಕಿತ್ತ ಮೇಲೆಯೇ ಮೆತ್ತಗಾಗಲು ಶುರು. ಹಾಗಾಗಿ ಬಲಿತ ಕಾಯಿ ಕಿತ್ತು, 5-6 ಡಿಗ್ರಿ ತಂಪಿನಲ್ಲಿಟ್ಟು, ಒಂಥರಾ ನಿದ್ದೆ ಮಾಡಿಸಿ ತರುತ್ತಾರೆ. ಒಂದು ದೊಡ್ಡ ಕಂಟೇನರಿನಲ್ಲಿ ಸುಮಾರು 20 ಟನ್. ನವಾ ಶೇವಾ ಬಂದರಿನಲ್ಲಿ ಇಳಿದು, ತಂಪು ಗೋದಾಮಿಗೆ ಹೋಗಿ, ಬೇಕಾದಷ್ಟನ್ನು ಮಾತ್ರ ಎಥಿಲೀನ್ ಕೋಣೆಯಲ್ಲಿ ಎಬ್ಬಿಸುತ್ತಾರೆ. ಎಥಿಲೀನ್ ಅಂದರೆ ಹಣ್ಣು ತಾನೇ ಬಿಡುವ ಗಾಳಿ. ಮನೆಯಲ್ಲಿ ಅಕ್ಕಿ ಡಬ್ಬದೊಳಗೆ ಬಾಳೆಹಣ್ಣಿನ ಜೊತೆ ಹುಗಿದಿಟ್ಟರೂ ಇದೇ ಕೆಲಸ ಆಗುತ್ತದೆ.

ಪೆಟ್ಟಿಗೆಯ ಮೇಲೆ ಹೆಚ್ಚಿನ ಸಲ ಟಾಂಜಾನಿಯ ಅಂತ ಅಚ್ಚಾಗಿರುತ್ತದೆ. ಬೇರೆ ದೇಶದ ಅವಕಾಡೊಗೆ ನಮ್ಮ ಸರ್ಕಾರದ ಸಾಮಾನ್ಯ ಸುಂಕ ಶೇ 30. ಟಾಂಜಾನಿಯ ಬಡ ದೇಶಗಳ ಪಟ್ಟಿಯಲ್ಲಿದೆ, ಅದಕ್ಕೆ ಸುಂಕ ಇಲ್ಲ. ಅಲ್ಲಿ ಬೆಳೆಯುವುದು ದಕ್ಷಿಣದ ಎತ್ತರದ ನಾಡಿನಲ್ಲಿ ಮತ್ತು ಉತ್ತರದಲ್ಲಿ ಕಿಲಿಮಂಜಾರೊ ತಪ್ಪಲಿನಲ್ಲಿ. ಕಿಲಿಮಂಜಾರೊ ಕಡೆಯ ಮನೆತೋಟಗಳಲ್ಲಿ ಕಾಫಿ, ಬಾಳೆ, ಅವಕಾಡೊ ಎಲ್ಲ ಒಟ್ಟಿಗೆ ಇರುತ್ತವೆ. ಅಂದರೆ ನಮ್ಮ ಮಾವನಂಥವರೇ, ಅಲ್ವಾ? ಪಕ್ಕದ ಕೀನ್ಯದಲ್ಲೂ ಬಹುಪಾಲು ಸಣ್ಣ ರೈತರು. ಆಫ್ರಿಕದಿಂದ ಅತಿ ಹೆಚ್ಚು ಅವಕಾಡೊ ಹೊರಗೆ ಕಳಿಸುವವರ ಸಾಲಿನಲ್ಲಿ ಮುಂದಿರುವವರು ಅವರು. ಬಲಿಯದ ಕಾಯಿ ಕಿತ್ತು ಕಳಿಸಿ ಹೆಸರು ಕೆಡಿಸಬಾರದು ಅಂತ ಅಲ್ಲಿನ ಸರ್ಕಾರ ವರ್ಷದ ಕೊನೆಯಲ್ಲಿ ಕೆಲವು ತಿಂಗಳು ಹಡಗಿನ ರಫ್ತನ್ನೇ ನಿಲ್ಲಿಸುತ್ತದೆ. ಆಫ್ರಿಕದ ರೈತ ದುಡಿದರೆ ನಮಗೆ ಯಾಕೆ ಹೊಟ್ಟೆ ಉರಿ?

ನಾದಿನಿ ಕೂಡಲೇ ಮೆಕ್ಸಿಕೊ ಎತ್ತುತ್ತಾಳೆ. ಕಾಡು ಕಡಿದರು, ಗೂಂಡಾಗಳು ಹಫ್ತಾ ಎತ್ತುತ್ತಾರೆ, ಎಲ್ಲ ಹೇಳುತ್ತಾಳೆ. ನಿಜ. ಲೋಕದಲ್ಲಿ ವರ್ಷಕ್ಕೆ 1 ಕೋಟಿ ಟನ್ನಿಗಿಂತ ಜಾಸ್ತಿ ಅವಕಾಡೊ ಬೆಳೆಯುತ್ತಾರೆ, ಅದರಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಮೆಕ್ಸಿಕೊದ್ದೇ. ಆದರೆ ಆ ಹಣ್ಣು ದೇಶದ ಹೊರಗೆ ಹೋಗುವುದು ಹೆಚ್ಚಾಗಿ ಅಮೆರಿಕಕ್ಕೆ. ನನ್ನ ಪೆಟ್ಟಿಗೆಯಲ್ಲಿ ಅದರ ಒಂದು ಹೋಳೂ ಇಲ್ಲ. ಯಾರೋ ಮಾಡಿದ್ದಕ್ಕೆ ಕಿಲಿಮಂಜಾರೊದ ಮುದುಕನಿಗೆ ಶಿಕ್ಷೆ ಕೊಡುವುದು ಯಾವ ನ್ಯಾಯ?

ನೀರಿನ ಮಾತೂ ಬರುತ್ತದೆ. ಅವಕಾಡೊ ನೀರು ಕುಡಿಯುವ ಮರ, ಒಪ್ಪಿದೆ. ಆದರೆ ಇದನ್ನು ಮಹಾರಾಷ್ಟ್ರದಲ್ಲಿ ಕೂತು ಹೇಳುವಾಗ ಸ್ವಲ್ಪ ನಾಚಿಕೆ ಬೇಕು. ಇಲ್ಲಿ ಸಾಗುವಳಿ ಜಮೀನಿನಲ್ಲಿ ನೂರಕ್ಕೆ ನಾಲ್ಕು ಪಾಲಿನಷ್ಟು ಕಬ್ಬು, ಅದು ನೀರಾವರಿಯ ನೀರಿನಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕುಡಿಯುತ್ತದೆ ಅಂತ ಎಲ್ಲರೂ ಹೇಳುವ ಲೆಕ್ಕ. ನಮ್ಮ ಅಂಗಡಿಯ ಕಬ್ಬಿನ ಹಾಲಿನ ಮೇಲೆ ಇವತ್ತಿನವರೆಗೆ ಯಾರೂ ಜಗಳಕ್ಕೆ ಬಂದಿಲ್ಲ. ಗೆಜ್ಜೆ ಕಟ್ಟಿದ ಗಾಣ, ನಿಂಬೆ, ಶುಂಠಿ, ಎಲ್ಲ ಚೆಂದ. ದೂರು ಏನಿದ್ದರೂ ಇಂಗ್ಲಿಷ್ ಹೆಸರಿನ ಹಣ್ಣಿನ ಮೇಲೆ.

ದೂರದ ವಿಷಯವೂ ಅಷ್ಟೆ. ಹಡಗಿನಲ್ಲಿ ಬರುವ ಸಾಮಾನಿಗೆ ಸುಡುವ ಎಣ್ಣೆ ವಿಮಾನದ ಲೆಕ್ಕದಲ್ಲಿ ಏನೇನೂ ಅಲ್ಲ. ಟಾಂಜಾನಿಯದ ಬಂದರು ದಾರ್ ಎಸ್ ಸಲಾಮ್‌ಗೆ ಯುರೋಪಿಗಿಂತ ಮುಂಬೈ ಹತ್ತಿರ. 2023ರ ಕೊನೆಗೆ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಯುರೋಪಿಗೆ ಹೋಗುವ ಹಣ್ಣು ಇಡೀ ಆಫ್ರಿಕ ಸುತ್ತಿ ಹೋಗಬೇಕಾಯಿತು. ನಮ್ಮ ಕಡೆಯ ದಾರಿಗೆ ಆ ರಗಳೆ ಇಲ್ಲ. ಈ ಸಮುದ್ರದಲ್ಲಿ ಹಾಯಿ ಹಡಗಿನ ಕಾಲದಿಂದ ಸಾಮಾನು ಓಡಾಡಿದೆ.

ಈಗ ನನ್ನ ನಿಜವಾದ ವಾದ. ನಾನು ಮದುವೆಯಾದ ಹೊಸತರಲ್ಲಿ ಮಾವನ ಮನೆಗೆ ಹೋದಾಗ ಬೆಣ್ಣೆ ಹಣ್ಣು ರಾತ್ರಿ ಕೊಟ್ಟಿಗೆಯ ತಗಡಿನ ಮೇಲೆ ಧಡ್ ಅಂತ ಬೀಳುತ್ತಿತ್ತು. ಬೆಳಗ್ಗೆ ನಾಯಿ ತಿನ್ನುತ್ತಿತ್ತು. ಅತ್ತೆ ಎರಡು ಹಣ್ಣು ಒಳಗೆ ತರುತ್ತಿದ್ದರು, ಉಳಿದದ್ದು ಗೊಬ್ಬರದ ಗುಂಡಿಗೆ. ಯಾರೂ ಕೇಳುವವರಿರಲಿಲ್ಲ. ಈಗ? ಜೂನ್ ಬಂದರೆ ವ್ಯಾಪಾರಿಗಳು ಗೇಟಿನ ಹತ್ತಿರ ಜೀಪು ನಿಲ್ಲಿಸಿ, ಮರಕ್ಕೆ ಇಷ್ಟು ಅಂತ ಮಾತಾಡಿ ಹೋಗುತ್ತಾರೆ. ಈ ಬೇಡಿಕೆ ಆಕಾಶದಿಂದ ಬಿತ್ತಾ? ಮುಂಬೈ, ಪುಣೆ, ಬೆಂಗಳೂರಿನ ಮಕ್ಕಳು ವರ್ಷವಿಡೀ ತಿಂದು ರುಚಿ ಹತ್ತಿಸಿಕೊಂಡರು. ಜನವರಿಯಲ್ಲಿ ಟಾಂಜಾನಿಯದ್ದೋ ಇನ್ಯಾವ ದೇಶದ್ದೋ ತಿಂದವನೇ ಜೂನ್‌ನಲ್ಲಿ ಮೂಡಿಗೆರೆಯದ್ದನ್ನೂ ಕೊಳ್ಳುವುದು. ಹೊರಗಿನ ಹಣ್ಣು ನಮ್ಮ ಹಣ್ಣಿಗೆ ಗಿರಾಕಿ ತಂದುಕೊಟ್ಟಿದೆ. ಇದನ್ನು ನಾದಿನಿ ಒಪ್ಪಲೇಬೇಕು.

ಆರೋಗ್ಯದ ಭಾಷಣ ನಾನು ಮಾಡೋಲ್ಲ. ನೂರು ಗ್ರಾಂ ಹಣ್ಣಿನಲ್ಲಿ 15 ಗ್ರಾಂನಷ್ಟು ಕೊಬ್ಬು, ಒಳ್ಳೆ ಜಾತಿಯ ಕೊಬ್ಬಂತೆ. ಅದರ ಮೇಲೆ ನಾವು ಗಟ್ಟಿ ಹಾಲು, ಎರಡು ಚಮಚ ಸಕ್ಕರೆ, ಕೇಳಿದರೆ ಒಂದು ಸ್ಕೂಪ್ ಐಸ್‌ಕ್ರೀಮ್ ಹಾಕುತ್ತೇವೆ. ಇನ್ನು ಆರೋಗ್ಯ ಎಲ್ಲಿಂದ ಬಂತು. ಜನ ರುಚಿಗೆ ಕುಡಿಯುತ್ತಾರೆ, ನಾನು ಹೊಟ್ಟೆಪಾಡಿಗೆ ಮಾರುತ್ತೇನೆ.

ಹಡಗಿನ ಹಣ್ಣು ಬಿಟ್ಟುಬಿಡಿ ಅನ್ನುವ ನಾದಿನಿಗೆ ನನ್ನದು ಒಂದೇ ಮಾತು. ಜನವರಿಯಲ್ಲಿ ನನ್ನ ಕೌಂಟರಿನ ಮೇಲೆ ಮೂಡಿಗೆರೆಯ ಒಂದು ಬೆಣ್ಣೆ ಹಣ್ಣು ತಂದಿಡು, ನೋಡುವಾ.

ವಿರೋಧ: ಪುಣೆಯ ನಾದಿನಿ ಬರೆದದ್ದು

ಜನವರಿಯಲ್ಲಿ ತಂದಿಡಲಾರೆ. ಅದೇ ನನ್ನ ವಾದ.

ಜನವರಿಯಲ್ಲಿ ಬೆಣ್ಣೆ ಹಣ್ಣು ಇರುವುದಿಲ್ಲ ಭಾವ. ಹಲಸೂ ಇರುವುದಿಲ್ಲ. ಹಾಪೂಸ್ ಮಾವು ಬರಲಿ ಅಂತ ಇಡೀ ಮುಂಬೈ ಕಾದು ಕೂರುತ್ತದೆ, ಮೊದಲ ಪೇಟಿ ಬಂದ ದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ಕಾಯುವುದರಿಂದ ಆ ಹಣ್ಣಿನ ಬೆಲೆ ಏನೂ ಇಳಿದಿಲ್ಲ. (ಈಗ ಅದಕ್ಕೂ ನವೆಂಬರಿನಲ್ಲಿ ಮಲಾವಿ ದೇಶದ ಹಾಪೂಸ್ ವಾಶಿಗೆ ಬರುತ್ತಿದೆ ಅನ್ನಿ. ಅದರ ಜಗಳ ಇನ್ನೊಮ್ಮೆ ಆಡೋಣ.)

ಆದರೆ ಜನವರಿ ಅನ್ನುವುದು ಭಾವನ ಜಾಣತನ. ನಾನು ಲೆಕ್ಕ ಬರೆಯುವ ಕೆಲಸದವಳು, ತಿಂಗಳು ನೋಡಿ ಅಭ್ಯಾಸ. ಟಾಂಜಾನಿಯ, ಕೀನ್ಯದ ಕೊಯ್ಲು ಜಾಸ್ತಿ ಇರುವುದು ಮಾರ್ಚ್‌ನಿಂದ ಸೆಪ್ಟೆಂಬರ್. ನಮ್ಮ ತೋಟದ ಹಣ್ಣು ಬೀಳುವುದು ಮೇ ಕೊನೆಯಿಂದ ಸೆಪ್ಟೆಂಬರ್. ಅಂದರೆ ನಮ್ಮದು ಇಲ್ಲದಿದ್ದಾಗ ಅವರದ್ದು ಬರುತ್ತಿಲ್ಲ. ನಮ್ಮದು ಇರುವಾಗಲೇ ಅವರದ್ದೂ ಬರುತ್ತದೆ, ಸುಂಕ ಇಲ್ಲದೆ, ಒಂದೇ ಸೈಜಿನಲ್ಲಿ. ಕಳೆದ ವರ್ಷದ ಜುಲೈಯಲ್ಲಿ ನಾನು ಅಕ್ಕನ ಮನೆಗೆ ಹೋದಾಗ ಅಂಗಡಿಯ ಫ್ರಿಜ್ಜಿನ ಪಕ್ಕ ಐದು ಪೆಟ್ಟಿಗೆ ಇದ್ದವು. ಐದರ ಮೇಲೂ ಟಾಂಜಾನಿಯ. ಅದೇ ವಾರ ಅಪ್ಪ ಫೋನಿನಲ್ಲಿ, ಈ ಸಲ ಸಣ್ಣ ಹಣ್ಣನ್ನು ವ್ಯಾಪಾರಿ ಮುಟ್ಟಲೇ ಇಲ್ಲ ಅಂತ ಹೇಳಿದ್ದರು.

ವ್ಯಾಪಾರಿಗಳ ಜೀಪು ಬರುತ್ತದೆ, ಸುಳ್ಳಲ್ಲ. ಭಾವ ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಮೊದಲು ನಾಯಿ ತಿನ್ನುತ್ತಿದ್ದ ಹಣ್ಣಿಗೆ ಈಗ ದುಡ್ಡು ಬರುತ್ತಿದೆ. ಅದಕ್ಕೆ ಪೇಟೆಯ ಹುಚ್ಚು ಕಾರಣ ಅನ್ನುವುದೂ ಇರಬಹುದು. ಆದರೆ ಗಿರಾಕಿ ತಂದುಕೊಟ್ಟವನೇ ಗಿರಾಕಿಯನ್ನು ಕರೆದುಕೊಂಡು ಹೋಗಲೂಬಹುದು. ನಮಗೆ ಇದು ಮೆಣಸಿನಲ್ಲಿ ಆಗಿ ಹೋಗಿದೆ. ಖಾರದ ಮೆಣಸಿನಕಾಯಿ ಅಲ್ಲ, ಕಾಳುಮೆಣಸು. 2016ರ ಹೊತ್ತಿಗೆ ಕಿಲೋಗೆ 700 ರೂಪಾಯಿ ಹತ್ತಿರ ಇತ್ತು. ಅಪ್ಪ ಸಿಲ್ವರ್ ಓಕ್ ಮರಕ್ಕೆಲ್ಲ ಬಳ್ಳಿ ಹಬ್ಬಿಸಿದರು, ಅಟ್ಟಕ್ಕೆ ಹೊಸ ಏಣಿ ತಂದರು. ಆಮೇಲೆ ವಿಯೆಟ್ನಾಂ ಮೆಣಸು ಶ್ರೀಲಂಕಾದ ದಾರಿಯಿಂದ, ಕಡಿಮೆ ಸುಂಕದಲ್ಲಿ ನುಗ್ಗಿತು. 2017ರ ಡಿಸೆಂಬರಿನಲ್ಲಿ ಸರ್ಕಾರ, ಕಿಲೋಗೆ 500 ರೂಪಾಯಿಗಿಂತ ಕಡಿಮೆ ಬೆಲೆಯ ಮೆಣಸು ತರಿಸಬಾರದು ಅಂತ ಕಟ್ಟು ಹಾಕಿತು. ಆದರೂ ಮುಂದಿನ ವರ್ಷ ನಮ್ಮ ಕಡೆ 400 ಸಿಗುವುದೂ ಕಷ್ಟವಾಯಿತು. ಏಣಿ ಈಗಲೂ ಹೊಸತಾಗಿಯೇ ಇದೆ.

ಅವಕಾಡೊಗೂ ಆ ಬಾಗಿಲು ತೆರೆದಿದೆ. ಆಸ್ಟ್ರೇಲಿಯದ ಜೊತೆಗಿನ ಒಪ್ಪಂದ 2022ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಅವರ ಅವಕಾಡೊ ಮೇಲಿದ್ದ ಶೇ 30 ಸುಂಕ ಏಳು ವರ್ಷದಲ್ಲಿ ಪೂರ್ತಿ ಇಳಿಯಬೇಕು. ಆಸ್ಟ್ರೇಲಿಯದ ತೋಟದವನು ಕಿಲಿಮಂಜಾರೊದ ಬಡ ಮುದುಕ ಅಲ್ಲವಲ್ಲ ಭಾವ? ಅಷ್ಟರೊಳಗೆ ನಮ್ಮೂರಿನಲ್ಲಿ ಈಗ ನೆಡುತ್ತಿರುವ ಗಿಡಗಳು ಫಸಲು ಕೊಡಲು ಶುರು ಮಾಡಿರುತ್ತವೆ. ಕಸಿ ಗಿಡ ಮೂರ್ನಾಲ್ಕು ವರ್ಷಕ್ಕೆ ಕಾಯಿ ಬಿಡುತ್ತದೆ. ಬೀಜದ ಗಿಡಕ್ಕೆ ಅದರ ಎರಡರಷ್ಟು ಕಾಯಬೇಕು. ನೆಡುವಾಗಿನ ರೇಟು ನೋಡಿ ನೆಟ್ಟವನು ಕೀಳುವಾಗಿನ ರೇಟು ತಿನ್ನಬೇಕು.

ಇನ್ನು ಮೆಕ್ಸಿಕೊ. ‘ನನ್ನ ಪೆಟ್ಟಿಗೆಯಲ್ಲಿ ಅದರ ಹೋಳೂ ಇಲ್ಲ’ ಅಂದರು ಭಾವ. ಸರಿ, ಇಲ್ಲ. ನಾನು ಮೆಕ್ಸಿಕೊ ಕತೆ ಹೇಳುವುದು ಭಾವನ ಮೇಲೆ ಕೇಸು ಹಾಕಲು ಅಲ್ಲ. ವರ್ಷವಿಡೀ ಬೇಕು, ಒಂದೇ ಥರ ಬೇಕು, ಅಗ್ಗಕ್ಕೆ ಬೇಕು ಅನ್ನುವ ದೊಡ್ಡ ಗಿರಾಕಿ ಬಂದರೆ ಒಂದು ಗುಡ್ಡದ ಊರಿಗೆ ಏನಾಗುತ್ತದೆ ಅನ್ನುವುದಕ್ಕೆ. ಅಮೆರಿಕ 1914ರಿಂದ ಮೆಕ್ಸಿಕೊದ ಅವಕಾಡೊವನ್ನು ಒಳಗೇ ಬಿಟ್ಟಿರಲಿಲ್ಲ, ಹುಳದ ಭಯ ಅಂತ. 1997ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು. ಚಳಿಗಾಲದ ನಾಲ್ಕು ತಿಂಗಳು, 19 ರಾಜ್ಯಗಳಿಗೆ ಮಾತ್ರ. 2007ರಲ್ಲಿ ಎಲ್ಲ ರಾಜ್ಯಕ್ಕೂ, ವರ್ಷಪೂರ್ತಿ. ಅಲ್ಲಿಗೆ ಕಳಿಸುವ ಪರವಾನಗಿ 2022ರವರೆಗೂ ಇದ್ದದ್ದು ಮಿಚೊವಾಕಾನ್ ಅನ್ನುವ ಒಂದೇ ರಾಜ್ಯಕ್ಕೆ. ಊಹಿಸಿಕೊಳ್ಳಿ, ಇಡೀ ಅಮೆರಿಕದ ಬಾಯಿಗೆ ಒಂದು ರಾಜ್ಯದ ಗುಡ್ಡಗಳು. ಪೈನ್ ಕಾಡು ಕಡಿದು, ಸುಟ್ಟು, ಆ ಜಾಗದಲ್ಲಿ ಅವಕಾಡೊ ಬಂತು. ದುಡ್ಡಿನ ವಾಸನೆಗೆ ಬಂದೂಕಿನವರು ಬಂದರು. ತಾನ್ಸಿತಾರೊ ಅನ್ನುವ ಊರಿನಲ್ಲಿ ತೋಟದವರು ತಾವೇ ದುಡ್ಡು ಹಾಕಿ ಬಂದೂಕಿನ ಕಾವಲು ಪಡೆ ಕಟ್ಟಿಕೊಂಡರು. 2022ರ ಫೆಬ್ರವರಿಯಲ್ಲಿ ಅಮೆರಿಕದ ಒಬ್ಬ ತಪಾಸಣೆ ಅಧಿಕಾರಿಗೆ ಬೆದರಿಕೆ ಬಂತು ಅಂತ ಅಲ್ಲಿಂದ ಹಣ್ಣು ತರಿಸುವುದನ್ನೇ ಸುಮಾರು ಒಂದು ವಾರ ನಿಲ್ಲಿಸಿದ್ದರು. ಬೆಣ್ಣೆಯಂಥ ಹಣ್ಣು, ಕಾಯಲು ಬಂದೂಕು!

ಅದೇ ರಾಜ್ಯದ ಚೆರಾನ್ ಅನ್ನುವ ಊರು ನನಗೆ ಬಹಳ ಇಷ್ಟ. ಅಲ್ಲಿರುವವರು ಪುರೆಪೆಚಾ ಅನ್ನುವ ಮೂಲನಿವಾಸಿಗಳು. ಗೂಂಡಾಗಳ ಬೆಂಬಲದಲ್ಲಿ ಮರಗಳ್ಳರು ದಿನಾ ಲಾರಿ ತುಂಬಿಸಿ ಊರೊಳಗಿನಿಂದಲೇ ಹೋಗುತ್ತಿದ್ದರು. ಕಡಿಯುತ್ತಾ ಊರಿನ ನೀರಿನ ಸೆಲೆಯ ಹತ್ತಿರ ಬಂದರು. 2011ರ ಏಪ್ರಿಲ್ 15ರ ಬೆಳಗ್ಗೆ ಹೆಂಗಸರು ಕಲ್ಲು ಹಿಡಿದು ಲಾರಿಗೆ ಅಡ್ಡ ನಿಂತರು. ಚರ್ಚಿನ ಗಂಟೆ ಬಾರಿಸಿ ಊರನ್ನು ಕರೆದರು. ಆಮೇಲೆ ಪೊಲೀಸರನ್ನೂ ರಾಜಕೀಯ ಪಕ್ಷಗಳನ್ನೂ ಊರಿನಿಂದ ಹೊರಗಿಟ್ಟು ತಾವೇ ಆಡಳಿತ ನಡೆಸಿಕೊಂಡಿದ್ದಾರೆ. ಬೋಳು ಗುಡ್ಡದಲ್ಲಿ ಪೈನ್ ಸಸಿ ನೆಟ್ಟಿದ್ದಾರೆ.

ನೀರಿನ ಮಾತಿಗೆ ಭಾವ ಕಬ್ಬು ತೋರಿಸಿದರು. ಜಾಣ ಉತ್ತರ, ನನಗೆ ನಗು ಬಂತು. ಆದರೆ ಅದು ನನ್ನ ಪರವಾದ ಸಾಕ್ಷಿ ಅಲ್ವಾ? ಮಾರ್ಚ್ ಬಂತೆಂದರೆ ನಮ್ಮ ಸೊಸೈಟಿಗೆ ಟ್ಯಾಂಕರ್. ಬೆಳಗ್ಗೆ ಐದೂವರೆಗೆ ಅದರ ಪೈಪಿನ ಸದ್ದಿಗೇ ಎಚ್ಚರ. ಒಂದು ಕಬ್ಬು ತಂದ ಗತಿ ಇದು. ಚಿಲಿ ದೇಶದ ಪೆತೋರ್ಕಾ ಕಣಿವೆಯವರಿಗೆ ಇಂಥದ್ದೇ ಗತಿ ತಂದದ್ದು ಅವಕಾಡೊ. ಅಲ್ಲಿ 1981ರಲ್ಲಿ ಒಂದು ಕಾನೂನು ಬಂತು. ನೀರಿನ ಹಕ್ಕನ್ನು ಜಮೀನಿನ ಹಾಗೆ ಕೊಳ್ಳಬಹುದು, ಮಾರಬಹುದು. ದುಡ್ಡಿದ್ದವರು ಹಕ್ಕು ಕೊಂಡರು, ಬೋಳು ಗುಡ್ಡದ ಮೇಲೆ ತೋಟ ಹತ್ತಿಸಿದರು. ಬರಗಾಲ ಬಂದಾಗ ಮೇಲೆ ಹಸಿರು ತೋಟ, ಕೆಳಗೆ ಒಣಗಿದ ಹೊಳೆ. ಕೆಳಗಿನ ಮನೆಗಳಿಗೆ ಟ್ಯಾಂಕರಿನಲ್ಲಿ ದಿನಕ್ಕೆ ತಲಾ 50 ಲೀಟರ್. ಇದರಲ್ಲಿ ಸ್ನಾನ ಮಾಡಬೇಕಾ, ಪಾತ್ರೆ ತೊಳೆಯಬೇಕಾ, ಹಸುವಿಗೆ ಕುಡಿಸಬೇಕಾ? ಆ ಹಣ್ಣು ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಹಣ್ಣಿನ ಜೊತೆ ಅಲ್ಲಿನ ನೀರೂ ಹೋಗುತ್ತಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ನಮ್ಮ ಕಡೆ ಮಳೆ ಬೇಕಾದಷ್ಟಿದೆ, ನೀರಿನ ಚಿಂತೆ ಇಲ್ಲ ಅಂತ ನೀವು ಅಂದುಕೊಳ್ಳಬಹುದು. ಮಲೆನಾಡಿನಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ಸಮಯಕ್ಕೆ ಹಳ್ಳದಲ್ಲಿ ನೀರು ಎಷ್ಟಿರುತ್ತದೆ ಅಂತ ಒಮ್ಮೆ ಬಂದು ನೋಡಿ. ಜೂನ್‌ನ ಮಳೆಯದ್ದು ಇನ್ನೊಂದು ಕತೆ. ಅದನ್ನು ಹೇಳಲು ಹಾಸ್ ಹತ್ತಿರ ಹೋಗಬೇಕು.

ಹಾಸ್ ಅನ್ನುವುದು ಒಬ್ಬ ಮನುಷ್ಯನ ಹೆಸರು. ರುಡಾಲ್ಫ್ ಹಾಸ್, ಕ್ಯಾಲಿಫೋರ್ನಿಯದ ಒಬ್ಬ ಪೋಸ್ಟ್‌ಮ್ಯಾನ್. 1920ರ ದಶಕದಲ್ಲಿ ಅವನು ಲಾ ಹಾಬ್ರಾ ಹೈಟ್ಸ್‌ನಲ್ಲಿ ನೆಟ್ಟ ಬೀಜದ ಗಿಡವೊಂದು ಹೀಗೆ ಕಪ್ಪು ಸಿಪ್ಪೆಯ ಹಣ್ಣು ಬಿಟ್ಟಿತು. 1935ರಲ್ಲಿ ಪೇಟೆಂಟ್ ತೆಗೆದುಕೊಂಡ, ಆದರೆ ಅದರಿಂದ ಶ್ರೀಮಂತನೇನೂ ಆಗಲಿಲ್ಲ. ಇವತ್ತು ಜಗತ್ತಿನಲ್ಲಿ ಮಾರಾಟವಾಗುವ ಅವಕಾಡೊದಲ್ಲಿ ನೂರಕ್ಕೆ 80ರಷ್ಟು ಆ ಒಂದು ಮರದ ಕಸಿ. ಕಸಿಯ ಕಸಿ, ಅದರ ಕಸಿ. ಅಂದರೆ ಭಾವನ ಪೆಟ್ಟಿಗೆಯ 18 ಹಣ್ಣೂ, ಪೆರುವಿನ ತೋಟದ ಲಕ್ಷ ಮರವೂ ಒಂದೇ ಮರ. ಆ ತಾಯಿ ಮರ ಏನಾಯಿತು ಗೊತ್ತಾ? ಬೇರು ಕೊಳೆತು 2002ರಲ್ಲಿ ಸತ್ತಿತು.

ಬೇರು ಕೊಳೆ ಅಂದರೆ ನಮ್ಮೂರಿನವರಿಗೆ ಬೇರೆ ಹೇಳಬೇಕಿಲ್ಲ. ಅವಕಾಡೊ ಬೇರಿಗೆ ನೀರು ನಿಂತರೆ ಆಗುವುದಿಲ್ಲ, ಅದಕ್ಕೇ ಕಾದು ಕೂತ ಒಂದು ಶಿಲೀಂಧ್ರದಂಥದ್ದು ಮಣ್ಣಿನಲ್ಲಿರುತ್ತದೆ. ನಮ್ಮ ಪಕ್ಕದ ತೋಟದವರು ಪೇಟೆಯ ಮಾತು ಕೇಳಿ 40 ಹಾಸ್ ಗಿಡ ತಂದು ನೆಟ್ಟರು. ಎರಡು ಮಳೆಗಾಲ ಕಳೆಯುವಾಗ ಒಂಬತ್ತು ಉಳಿದಿದ್ದವು. ಎಲೆ ಮೊದಲು ಸಣ್ಣದಾಗುತ್ತದೆ, ಆಮೇಲೆ ಹಳದಿ, ಆಮೇಲೆ ತುದಿಯಿಂದ ಒಣಗುತ್ತಾ ಬರುತ್ತದೆ. ಅವರು ಗಿಡದ ಬುಡದಲ್ಲಿ ಕೂತು ಮಣ್ಣು ಕೆದಕಿ ಬೇರು ತೋರಿಸಿದರು. ಹಿಡಿದರೆ ಪುಡಿ. ನಮ್ಮ ಮಳೆಗೆ ಹೊಂದುವ ಗಿಡ ನಮ್ಮಲ್ಲೇ ಇದೆ. ಕೊಡಗಿನ ಚೆಟ್ಟಳ್ಳಿಯ ತೋಟಗಾರಿಕೆ ಕೇಂದ್ರದವರು ಅರ್ಕಾ ಸುಪ್ರೀಮ್, ಅರ್ಕಾ ಕೂರ್ಗ್ ರವಿ ಅನ್ನುವ ಜಾತಿಗಳನ್ನು ಆರಿಸಿ ಕೊಟ್ಟಿದ್ದಾರೆ. ಅದನ್ನು ನೆಡಲು ಹೋದರೆ ವ್ಯಾಪಾರಿ ಕೇಳುತ್ತಾನೆ, ‘ಇದು ಕಪ್ಪಾಗುತ್ತಾ?’

ಅಪ್ಪನ ತೋಟದಲ್ಲಿ ಆರು ಮರ ಇವೆ. ಯಾರೂ ಕಸಿ ಮಾಡಿದ್ದಲ್ಲ, ಬೀಜ ಬಿದ್ದು ಹುಟ್ಟಿದ್ದು. ಬಾವಿ ಹತ್ತಿರದ್ದು ಸೋರೆಕಾಯಿ ಹಾಗೆ ಉದ್ದ ಕತ್ತಿನದು, ಸ್ವಲ್ಪ ನೀರು ನೀರು, ಜ್ಯೂಸಿಗೆ ಸರಿ. ಕೊಟ್ಟಿಗೆ ಹಿಂದಿನದು ಗುಂಡು, ಹಣ್ಣಾದರೆ ನೇರಳೆ ಬಣ್ಣ, ತಿರುಳು ಅಡಿಕೆ ಹಳದಿ. ಅದನ್ನು ಅಮ್ಮ ಜೋನಿ ಬೆಲ್ಲ, ಕಾಯಿಹಾಲು, ಏಲಕ್ಕಿ ಹಾಕಿ ರಸಾಯನ ಮಾಡುತ್ತಾರೆ. ನೀರುದೋಸೆ ಜೊತೆ ಅದು ಇದ್ದರೆ ಭಾವ ಎಷ್ಟು ದೋಸೆ ತಿನ್ನುತ್ತಾರೆ ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಗೇಟಿನ ಹತ್ತಿರದ ಮರ ಒಂದು ವರ್ಷ ಮುರಿದು ಬೀಳುವಷ್ಟು ಬಿಡುತ್ತದೆ, ಮರುವರ್ಷ ಮುನಿಸಿಕೊಂಡು ಸುಮ್ಮನಿರುತ್ತದೆ.

ಸಿಪ್ಪೆ ನೋಡಿ ಗೊತ್ತಾಗುವುದಿಲ್ಲ ಅಂತ ಭಾವನ ದೂರು. ಗಿರಾಕಿ ಲೋಟ ವಾಪಸ್ ಇಟ್ಟದ್ದಕ್ಕೆ ನನಗೂ ಬೇಜಾರಾಯಿತು. ಆದರೆ ಬೆಣ್ಣೆ ಹಣ್ಣನ್ನು ಕಣ್ಣಿನಿಂದ ನೋಡುವುದಲ್ಲ, ಕಿವಿಯಿಂದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ನಮ್ಮ ಮರಗಳ ಹಣ್ಣು ಕಳಿತರೆ ಒಳಗೆ ಬೀಜ ಬಿಟ್ಟುಕೊಂಡು ಗಡಗಡ ಅನ್ನುತ್ತದೆ. ಅಂದರೆ ನಾಳೆ ಕೊಯ್ದು ತಿನ್ನಬಹುದು. ಇದು ನಮ್ಮ ತೋಟದ ಆಳಿನ ಐದು ವರ್ಷದ ಮಗಳಿಗೆ ಗೊತ್ತು. ಮಾಟುಂಗದಲ್ಲಿ ಇಷ್ಟು ವರ್ಷ ಜ್ಯೂಸ್ ಅಂಗಡಿ ಇಟ್ಟವರಿಗೆ ಗೊತ್ತಿಲ್ಲ, ಯಾಕೆಂದರೆ ಪೆಟ್ಟಿಗೆಯವರು ಅವರಿಗೆ ಆ ಕೆಲಸವನ್ನೇ ಬಿಡಲಿಲ್ಲ.

ಆ ಗೋಣಿಯ ತಪ್ಪು ಹಣ್ಣಿನದ್ದಲ್ಲ, ಗೋಣಿಯದ್ದು. ಕೆಳಗೆ ಬಿದ್ದ ಹಣ್ಣನ್ನೂ ದೋಟಿಯಲ್ಲಿ ಕೊಯ್ದದ್ದನ್ನೂ ಒಟ್ಟಿಗೆ ತುಂಬಿದ್ದರು, ತೊಟ್ಟು ಕಿತ್ತು ಹೋಗಿತ್ತು. ತೊಟ್ಟು ಹೋದ ಕಡೆಯಿಂದಲೇ ಕೊಳೆ ಒಳಗೆ ಇಳಿಯುವುದು. ಅಪ್ಪನಿಗೂ ನಾನು ಇದನ್ನು ಹೇಳಿದ್ದೇನೆ. ಬೈಸಿಕೊಂಡಿದ್ದೇನೆ.

ನಾನು ಹಡಗು ನಿಲ್ಲಿಸಿ ಅನ್ನುತ್ತಿಲ್ಲ. ಟಾಂಜಾನಿಯದ ರೈತನ ಮೇಲೆ ನನಗೆ ಹೊಟ್ಟೆ ಉರಿಯೂ ಇಲ್ಲ. ಅಂಗಡಿಯ ಬೋರ್ಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ‘ಬೆಣ್ಣೆ ಹಣ್ಣು ಶೇಕ್’ ಅಂತ ಬರೆಸಿ, ಉಳಿದ ತಿಂಗಳು ಆ ಸಾಲನ್ನು ಅಳಿಸಿ ಅಂತ ಮಾತ್ರ ಕೇಳಿದ್ದು. ಕಲ್ಲಂಗಡಿ ಜ್ಯೂಸಿಗೆ ಹಾಗೆಯೇ ಮಾಡುತ್ತಾರೆ, ಯಾವ ಗಿರಾಕಿಯೂ ಬಿಟ್ಟು ಹೋಗಿಲ್ಲ.

ಭಾವನ ಬರಹ ಮೇ ತಿಂಗಳಲ್ಲೇ ನನ್ನ ಕೈಗೆ ಬಂದಿತ್ತು. ಉತ್ತರ ಬರೆಯಲು ಬೇಕೆಂದೇ ತಡ ಮಾಡಿದೆ. ಜುಲೈ ಮೊದಲ ವಾರ ರಜೆ ಹಾಕಿ ಊರಿಗೆ ಹೋದೆ. ಕೊಟ್ಟಿಗೆ ಹಿಂದಿನ ಮರದ್ದು ಮಾತ್ರ, ದೋಟಿಗೆ ಬಲೆ ಕಟ್ಟಿ, ಒಂದೊಂದಕ್ಕೂ ಅರ್ಧ ಇಂಚು ತೊಟ್ಟು ಬಿಟ್ಟು ಕಾಯಿ ಕೊಯ್ಯಿಸಿದೆ. ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಟೊಮೆಟೊ ಕ್ರೇಟಿನಲ್ಲಿ ಒಣಹುಲ್ಲು ಹಾಸಿ, ಎರಡೇ ಪದರ ಇಟ್ಟೆ. ಅದೇ ರಾತ್ರಿ ಬಸ್ಸಿಗೆ ಹಾಕಿದೆ. ಒಟ್ಟು 58 ಹಣ್ಣು. ಮೂರು ಹಾಳಾಗಿದ್ದವಂತೆ. 55ರ ಬಗ್ಗೆ ಭಾವ ಏನೂ ಹೇಳಿಲ್ಲ. ಆ ಮೂರನ್ನು ಕೊಯ್ದು, ತಟ್ಟೆಯಲ್ಲಿ ಸಾಲಾಗಿ ಇಟ್ಟು, ಫೋಟೊ ತೆಗೆದು ಮನೆಯವರ ಗ್ರೂಪಿಗೆ ಹಾಕಿದ್ದಾರೆ.